ತಿಳಿನೀರಿನಲ್ಲಿ ಅಡಗಿದ ವಿಷ

ಧಾರವಾಡದ ಸಮೀಪದ ಅಮ್ಮಿನಬಾವಿಯ ಹೆಸರಿನಲ್ಲಿಯೇ ಬಾವಿಯಿದೆ. ಇಂದು ಆ ಊರಿನ ಕೀರ್ತಿಗೆ ಮಲಪ್ರಭೆಯೂ ಕಾರಣಳು. ಕನಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಲ್ಲಿ ತಂಗುವ ಈ ನದಿಯ ನೀರು ಅಮ್ಮಿನಬಾವಿಯ ಶುದ್ಧೀಕರಣ ಘಟಕದಲ್ಲಿ ತಿಳಿಯಾಗಿ ಹುಬ್ಬಳ್ಳಿ-ಧಾರವಾಡಗಳ ನಲ್ಲಿಗಳಿಗೆ ಹರಿಯುತ್ತದೆ.

ತಿಳಿಯಾದ ನೀರೆಲ್ಲ ನಿರ್ವಿಷವೆಂದು ನಂಬಬಹುದೆ? ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ ಮೊದಲಾದ ವಿಷಧಾತುಗಳು ಕಣ್ಣಿಗೆ ಕಾಣವು, ನಾಲಗೆಗೆ ತಿಳಿಯವು. ಕ್ಲೋರಿನ್ ರೋಗಾಣುಗಳನ್ನು ಕೊಲ್ಲಬಲ್ಲುದು, ಧಾತುವನ್ನು ಕೊಲ್ಲುವುದೆಂತು? ಕುದಿಸಿದರೆ ನೀರು ಆವಿಯಾದೀತು, ಆರ್ಸೆನಿಕ್ ಪಾತ್ರೆಯಲ್ಲಿಯೇ ಉಳಿದೀತು.

ಇದು ಬರಿಯ ಊಹೆಯಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಜನರ ಮೈಮೇಲೆ ಕಲೆಗಳೂ ಅಂಗೈ-ಅಂಗಾಲುಗಳಲ್ಲಿ ಗಂಟುಗಳೂ ಕಾಣಿಸಿಕೊಂಡವು. ಅವರು ಕುಡಿಯುತ್ತಿದ್ದ ಅಂತರ್ಜಲದಲ್ಲಿ ಆರ್ಸೆನಿಕ್ ಇತ್ತು. ಚಿನ್ನದ ಗಣಿಗಳ ಆ ಸೀಮೆಯನ್ನು ಕುರಿತ ವಿಜ್ಞಾನಿಗಳ ಅಧ್ಯಯನ 2013ರಲ್ಲಿ ಪ್ರಕಟವಾಯಿತು.

ಭಾರತೀಯ ಮಾನಕದ ಪ್ರಕಾರ 1 ಲೀಟರ್ ಕುಡಿಯುವ ನೀರಿನಲ್ಲಿ ಆರ್ಸೆನಿಕ್ 0.01 ಮಿಲಿಗ್ರಾಂ ಮೀರಬಾರದು. ಎಂದರೆ 10 ಕೋಟಿ ಪಾಲಿನಲ್ಲಿ ಒಂದು ಪಾಲು! ಇಷ್ಟು ಅಲ್ಪವನ್ನು ಅಳೆಯುವ ಯಂತ್ರವೇ ಮಾಸ್ ಸ್ಪೆಕ್ಟ್ರೋಮೀಟರ್. 1919ರಲ್ಲಿ ಕೇಂಬ್ರಿಜ್‌ನ ಆಸ್ಟನ್ ರೂಪಿಸಿದ ಉಪಕರಣವು ಪರಮಾಣುಗಳನ್ನು ತೂಕದಿಂದ ಬೇರ್ಪಡಿಸಿ ತೋರಿಸಿತು. 1922ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ನೀರಿನ ಪರೀಕ್ಷೆಗೆ ಒಗ್ಗುವ ಇಂದಿನ ವಿಧಾನಕ್ಕೆ 1980ರಲ್ಲಿ ಅಮೆರಿಕದ ಹೌಕ್, ಫ್ಯಾಸೆಲ್ ಮತ್ತು ಅವರ ಸಂಗಡಿಗರು ತಳಹದಿ ಹಾಕಿದರು.

ಅದರ ಬಗೆ ಹೀಗೆ: ನೀರನ್ನು ಮಂಜಿನಂತೆ ಸಿಂಪಡಿಸಿ, ಸೂರ್ಯನ ಮೇಲ್ಮೈಗಿಂತಲೂ ಬಿಸಿಯಾದ ಆರ್ಗಾನ್ ಪ್ಲಾಸ್ಮಾದೊಳಕ್ಕೆ ಕಳುಹಿಸುತ್ತಾರೆ. ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾಗುತ್ತವೆ. ಗಾಳಿಯನ್ನು ತೆಗೆದ ಕೋಣೆಯಲ್ಲಿ ನಾಲ್ಕು ಲೋಹದ ಸರಳುಗಳ ನಡುವೆ ಅವು ಸಾಗುವಾಗ, ವಿದ್ಯುತ್ತನ್ನು ಹದಗೊಳಿಸಿ ಬೇಕಾದ ತೂಕದವನ್ನಷ್ಟೇ ದಾಟಿಸಿ ಎಣಿಸುತ್ತಾರೆ. ಆರ್ಸೆನಿಕ್ಕಿನ ಗುರುತು 75. ಸೀಸದ್ದು ಮುಖ್ಯವಾಗಿ 208.

ಇಲ್ಲೊಂದು ಮೋಸವುಂಟು. ಯಂತ್ರದ ಆರ್ಗಾನ್ 40, ನೀರಿನ ಉಪ್ಪಿನ ಕ್ಲೋರಿನ್ 35. ಎರಡೂ ಕೂಡಿದರೆ 75! ಇಲ್ಲದ ಆರ್ಸೆನಿಕ್ ಇದ್ದಂತೆ ತೋರೀತು. ಅದಕ್ಕಾಗಿ ಅಯಾನುಗಳನ್ನು ಹೀಲಿಯಂ ಅನಿಲದ ನಡುವೆ ಹಾಯಿಸುತ್ತಾರೆ. ದಪ್ಪನೆಯ ಜೋಡಿ ಹೆಚ್ಚು ಡಿಕ್ಕಿ ತಿಂದು ಬಲಗುಂದಿ ಹಿಂದುಳಿಯುತ್ತದೆ; ನಿಜವಾದ ಆರ್ಸೆನಿಕ್ ಮುಂದೆ ಸಾಗುತ್ತದೆ.

ಊರಿನ ನೀರಿಗೆ ಪರೀಕ್ಷಾಲಯದ ಕಾವಲಿರುವಂತೆ, ಮನೆಯ ಕೊಳವೆಬಾವಿಗೆ ಮನೆಯವರೇ ಕಾವಲು. ಅದರ ನೀರನ್ನು ಕುಡಿಯುವವರು ಪ್ರಯೋಗಾಲಯದವರು ಕೊಡುವ ಶುಭ್ರವಾದ ಬಾಟಲಿಯಲ್ಲಿ ಮಾದರಿ ತುಂಬಿ ಪರೀಕ್ಷಿಸಿಕೊಳ್ಳುವುದು ಲೇಸು. ಅದರಲ್ಲಿ ತುಸು ನೈಟ್ರಿಕ್ ಆಮ್ಲವಿದ್ದರೆ ತೊಳೆದು ಚೆಲ್ಲಬಾರದು. ಧಾತುಗಳು ಬಾಟಲಿಯ ಗೋಡೆಗೆ ಅಂಟದಿರಲೆಂದೇ ಅದನ್ನು ಹಾಕಿರುತ್ತಾರೆ. ಮಕ್ಕಳ ಲೋಟಕ್ಕೆ ನೀರು ತುಂಬುವ ಮುನ್ನ ಇಷ್ಟು ಎಚ್ಚರ ಹೆಚ್ಚಿನದೇನಲ್ಲ.