ಗಟ್ಟಿ ಸೇತುವೆಯ ಊರು

ಮಗುವಿಗೆ ದುಶ್ಶಾಸನ ಅಂತ ಯಾರಾದರೂ ಹೆಸರಿಡುತ್ತಾರೆಯೇ? ಐರಾವತಕ್ಕುಳಿಯಲ್ಲಿ ಇಟ್ಟಿದ್ದಾರೆ. ಅವನೇ ಬೆಳೆದು ಪಂಚಾಯಿತಿ ಅಧ್ಯಕ್ಷ ದುಶ್ಶಾಸನ ಕುರುಪ್ ಆಗಿದ್ದಾನೆ. ಮನೆಯೊಡತಿ ಮಂಡೋದರಿ, ಮಹಾಭಾರತದ ಗಂಡನಿಗೆ ರಾಮಾಯಣದ ಹೆಂಡತಿ. ನೆರಳಿನಂತೆ ಹಿಂದೆ ಸುತ್ತುವ ಭಟ್ಟಂಗಿಯ ಹೆಸರು ಶಿಖಂಡಿ ಪಿಳ್ಳೆ. ಸಾಲದ್ದಕ್ಕೆ ಬೈಬಲ್ಲಿನಿಂದ ಒಬ್ಬ ಬರಬ್ಬಾಸ್. ನಾಮಕರಣದ ದಿನ ಯಾರೂ ನೆನೆಯದ ಹೆಸರುಗಳನ್ನೆಲ್ಲ ಗುಡಿಸಿ ತಂದು ಒಂದು ಹಳ್ಳಿ ಕಟ್ಟಿದ್ದಾರೆ ಕೆ.ಜಿ. ಜಾರ್ಜ್. 1984ರ ಮಲಯಾಳಂ ಚಿತ್ರ ‘ಪಂಚವಡಿ ಪಾಲಂ’.

ಊರಿಗೊಂದು ಸೇತುವೆಯಿದೆ. ಜನ ದಾಟುತ್ತಾರೆ, ಅದು ಸುಮ್ಮನೆ ನಿಂತಿದೆ. ಗಟ್ಟಿಯಾಗಿಯೇ ಇದೆ, ತೊಂದರೆಯೆಲ್ಲ ಅಲ್ಲಿಯೇ. ಅಧ್ಯಕ್ಷರ ಹೆಸರು ಊರಲ್ಲಿ ಉಳಿಯಬೇಕಾದರೆ ಏನನ್ನಾದರೂ ಕಟ್ಟಬೇಕು. ಕಟ್ಟಬೇಕಾದರೆ ಮೊದಲು ಏನನ್ನಾದರೂ ಕೆಡವಬೇಕು. ಹಾಗಾಗಿ ಸೇತುವೆಗೆ ಇಲ್ಲದ ಕಾಯಿಲೆ ಅಂಟಿಸಲಾಗುತ್ತದೆ. ಸಭೆ, ಠರಾವು, ಗಲಾಟೆ, ಮೆರವಣಿಗೆ. ವಿರೋಧಿಗಳೂ ಒಂದಷ್ಟು ದಿನ ಕೂಗುತ್ತಾರೆ, ತಮಗೂ ಏನಾದರೂ ಗಿಟ್ಟುವವರೆಗೆ. ಮಲಯಾಳದಲ್ಲಿ ಪಾಲಂ ಎಂದರೆ ಸೇತುವೆ. ಕನ್ನಡದ ಕಿವಿಗೆ ‘ಪಾಲು’ ಎಂದು ಕೇಳಿಸಿದರೂ ಅರ್ಥವೇನೂ ಕೆಡುವುದಿಲ್ಲ.

ಕುರುಪ್ ಆಗಿ ಭರತ್ ಗೋಪಿಯನ್ನು ನೋಡುವುದೇ ಒಂದು ಸುಖ. ನಿರ್ದೇಶಕ ಅಡೂರರ ‘ಕೊಡಿಯೇಟ್ಟಂ’ನಲ್ಲಿ ಲೋಕವೇ ತಿಳಿಯದ ಹಳ್ಳಿ ಹೈದನಾಗಿ ರಾಷ್ಟ್ರಪ್ರಶಸ್ತಿ ಪಡೆದ ಅದೇ ಬೋಳು ತಲೆ, ಇಲ್ಲಿ ಹೊಗಳಿಕೆ ಬಿದ್ದಂತೆಲ್ಲ ಅರಳುತ್ತದೆ. ಪಿಳ್ಳೆಯಾದ ನೆಡುಮುಡಿ ವೇಣು ಬೆಣ್ಣೆ ಹಚ್ಚುವಾಗ ಇಡೀ ಮೈಯೇ ಬಾಗುತ್ತದೆ. ಮಂಡೋದರಿ ಶ್ರೀವಿದ್ಯಾ, ಎದುರು ಪಾಳೆಯದಲ್ಲಿ ತಿಲಕನ್; ಸುಕುಮಾರಿಯೂ ಇದ್ದಾರೆ. ಯಾರೂ ಸಹಜವಾಗಿ ನಟಿಸುವುದಿಲ್ಲ. ಎಲ್ಲರೂ ಒಂದು ಗೆರೆ ಹೆಚ್ಚು, ವ್ಯಂಗ್ಯಚಿತ್ರದಿಂದ ಎದ್ದು ಬಂದವರ ಹಾಗೆ. ಅದು ಆಕಸ್ಮಿಕವಲ್ಲ. ವೇಳೂರ್ ಕೃಷ್ಣನ್‌ಕುಟ್ಟಿಯವರ ಕಥೆಗೆ ಮಾತು ಬರೆದವರು ಯೇಸುದಾಸನ್. ಗಾಯಕರಲ್ಲ, ಪತ್ರಿಕೆಗಳ ವ್ಯಂಗ್ಯಚಿತ್ರಕಾರ. ‘ಯವನಿಕ’, ‘ಆದಾಮಿಂಡೆ ವಾರಿಯೆಲ್ಲ್’ನಂಥ ಗಂಭೀರ ಚಿತ್ರಗಳ ಜಾರ್ಜ್ ನಗಿಸಲು ಹೊರಟಿದ್ದೇ ಬೆರಗು; ಹೊರಟಾಗಲೂ ಕರುಣೆಯನ್ನು ಮನೆಯಲ್ಲಿಯೇ ಬಿಟ್ಟು ಬಂದಿದ್ದರು.

ಕೇರಳದಲ್ಲಿ ಈ ಚಿತ್ರದ ಹೆಸರು ಆಡುಮಾತಾಗಿ ಹೋಗಿದೆ. ಕೊಚ್ಚಿಯ ಪಾಲಾರಿವಟ್ಟಂ ಮೇಲ್ಸೇತುವೆ 2016ರಲ್ಲಿ ತೆರೆದು, 2019ರಲ್ಲಿ ಬಿರುಕುಗಳಿಂದಾಗಿ ಮುಚ್ಚಿದಾಗ ಹೈಕೋರ್ಟಿನಲ್ಲೂ ಈ ಸಿನಿಮಾದ ಪ್ರಸ್ತಾಪ ಬಂತು. ಮೂವತ್ತೈದು ವರ್ಷದ ಹಳೆಯ ನಗೆಚಿತ್ರ, ನ್ಯಾಯಪೀಠದ ಬಾಯಲ್ಲಿ!

ಚಿತ್ರದ ಇಷ್ಟೆಲ್ಲ ಗದ್ದಲದ ನಡುವೆ ನೆಲಮಟ್ಟದಲ್ಲಿ ಇನ್ನೊಬ್ಬನಿದ್ದಾನೆ. ಅಂಗವಿಕಲ ಕಾತವರಾಯನ್, ಶ್ರೀನಿವಾಸನ್ ಮಾಡಿದ ಪಾತ್ರ. ಅವನಿಗೆ ಪಕ್ಷವಿಲ್ಲ, ಗುತ್ತಿಗೆಯಿಲ್ಲ. ಊರಿನವರ ದೊಡ್ಡ ಮಾತುಗಳೆಲ್ಲ ಅವನ ತಲೆಯ ಮೇಲಿಂದಲೇ ಹಾದುಹೋಗುತ್ತವೆ.

ಹೊಸ ಸೇತುವೆ ಏಳುತ್ತದೆ. ಉದ್ಘಾಟನೆಯ ಸಡಗರ, ಅದರ ಜೊತೆಗೇ ಮದುವೆಯ ಮೆರವಣಿಗೆ. ಜನ ಹತ್ತುತ್ತಾರೆ. ಕಂಬ ಅಲುಗುತ್ತದೆ. ಕಿರುಚಾಟ, ನೂಕುನುಗ್ಗಲು, ದುಶ್ಶಾಸನನೂ ಅವನ ವಿರೋಧಿಗಳೂ ಒಬ್ಬರನ್ನೊಬ್ಬರು ತಳ್ಳಿಕೊಂಡು ದಡದ ಕಡೆ ಓಡುತ್ತಾರೆ. ಓಡಿದವರೆಲ್ಲ ಉಳಿಯುತ್ತಾರೆ.

ಕಾತವರಾಯನಿಗೆ ಓಡಲಾಗುವುದಿಲ್ಲ.