ಬಾವು ಇಳಿದ ಮೇಲೂ ಬಿಡಬಾರದ ಮಾತ್ರೆಗಳು

ಹೃದಯ ವೈಫಲ್ಯಕ್ಕೆ ಚಿಕಿತ್ಸೆ ಪಡೆದು ಮನೆಗೆ ಬಂದವರಿಗೆ ಹೆಚ್ಚು ನಂಬಿಕೆ ‘ನೀರಿನ ಮಾತ್ರೆ’ಯ ಮೇಲೆ. ಬೆಳಿಗ್ಗೆ ಲ್ಯಾಸಿಕ್ಸ್ ನುಂಗಿದರೆ ಮಧ್ಯಾಹ್ನದೊಳಗೆ ನಾಲ್ಕಾರು ಸಲ ಮೂತ್ರಕ್ಕೆ ಹೋಗಿ ಮೈ ಹಗುರಾಗುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತಿದ್ದ ಕಾಲು ಕ್ರಮೇಣ ಮೊದಲಿನಂತಾಗುತ್ತದೆ. ಮೂರು ದಿಂಬಿಗೆ ಒರಗಿ ಕೂತೇ ರಾತ್ರಿ ಕಳೆದವರು ಮಲಗಿ ನಿದ್ದೆ ಮಾಡುತ್ತಾರೆ. ಅಲ್ಲಿಗೆ ವಾಸಿಯಾಯಿತೆಂದು ಉಳಿದ ಮಾತ್ರೆ ನಿಲ್ಲಿಸುವವರು ಬಹಳ. ನನ್ನ ಆತಂಕ ಇರುವುದು ಇಲ್ಲೇ. ನೀರಿನ ಮಾತ್ರೆ ಸಂಕಟ ಇಳಿಸುತ್ತದೆ. ಆಯುಸ್ಸು ಹೆಚ್ಚಿಸುವುದು ಆ ಉಳಿದ ಮಾತ್ರೆಗಳು.

ಹಳೆಯ ಹೃದಯಾಘಾತದಿಂದಲೋ ವರ್ಷಗಟ್ಟಲೆ ಹತೋಟಿಗೆ ಬಾರದ ಬಿಪಿಯಿಂದಲೋ ಹೃದಯದ ಸ್ನಾಯು ಸೋತಾಗ, ದೇಹಕ್ಕೆ ರಕ್ತ ಸೋರಿಹೋದಂತೆ ಭಾಸವಾಗುತ್ತದೆ. ಅಡ್ರಿನಾಲಿನ್ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಮೂತ್ರಪಿಂಡ ಉಪ್ಪು–ನೀರನ್ನು ಹೊರಬಿಡದೆ ಹಿಡಿದಿಡುತ್ತದೆ. ತಾತ್ಕಾಲಿಕ ಆಸರೆಯಾಗಬೇಕಿದ್ದ ಈ ಏರ್ಪಾಡು ತಿಂಗಳುಗಟ್ಟಲೆ ನಡೆದರೆ ಸೋತ ಹೃದಯ ಇನ್ನಷ್ಟು ಹಿಗ್ಗಿ ಸೋಲುತ್ತದೆ.

ಇದು ಅರ್ಥವಾಗಲು ವೈದ್ಯಲೋಕಕ್ಕೇ ಕಾಲ ಹಿಡಿಯಿತು. ಬೀಟಾ ಬ್ಲಾಕರ್ ಆ ಅಡ್ರಿನಾಲಿನ್‌ನ ಪ್ರಭಾವ ತಡೆದು ಹೃದಯದ ಬಡಿತ ತಗ್ಗಿಸುವ ಔಷಧ. ದುರ್ಬಲ ಹೃದಯಕ್ಕೆ ಅದು ವಿಷವೆಂದೇ ಪಾಠವಿತ್ತು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಅದನ್ನೇ ಕೊಟ್ಟು, ಏಳು ರೋಗಿಗಳು ಚೇತರಿಸಿಕೊಂಡದ್ದನ್ನು 1975ರಲ್ಲಿ ಪ್ರಕಟಿಸಿದರು. ನಂಬಿದವರು ಕಡಿಮೆ. ಸಾವಿರಾರು ರೋಗಿಗಳ ಮೇಲಿನ ದೊಡ್ಡ ಅಧ್ಯಯನಗಳು ಸಾವಿನ ಪ್ರಮಾಣ ಮೂರನೇ ಒಂದರಷ್ಟು ತಗ್ಗಿದ್ದನ್ನು ತೋರಿಸುವ ಹೊತ್ತಿಗೆ 1999 ಆಗಿತ್ತು. ಅದೇ ವರ್ಷ ಸ್ಪೈರೊನೊಲ್ಯಾಕ್ಟೋನ್ ಎಂಬ ಹಳೆಯ, ಅಗ್ಗದ ಮಾತ್ರೆಯೂ ಶೇ 30ರಷ್ಟು ಸಾವು ತಪ್ಪಿಸುತ್ತದೆಂದು ಗೊತ್ತಾಯಿತು. 2014ರಲ್ಲಿ ಸಕ್ಯುಬಿಟ್ರಿಲ್–ವಾಲ್ಸಾರ್ಟನ್ ಜೋಡಿ ಬಂತು. 2019ರಲ್ಲಿ ಡಾಪಾಗ್ಲಿಫ್ಲೋಜಿನ್ ಸೇರಿಕೊಂಡಿತು. ಇದು ಮೂಲತಃ ಮಧುಮೇಹದ ಮಾತ್ರೆ; ‘ನಮಗೆ ಶುಗರ್ ಇಲ್ಲವಲ್ಲ’ ಎಂದು ಇದನ್ನು ಪಕ್ಕಕ್ಕಿಡುವವರಿದ್ದಾರೆ. ಶುಗರ್ ಇಲ್ಲದವರ ಹೃದಯಕ್ಕೂ ಇದು ಒಳ್ಳೆಯದೇ.

ಎಕೋ ವರದಿಯಲ್ಲಿ ಇಎಫ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಶೇಕಡಾ ಪ್ರಮಾಣ, 40 ಅಥವಾ ಅದಕ್ಕೂ ಕೆಳಗಿದ್ದವರಿಗೆ ಇಂದು ಈ ನಾಲ್ಕೂ ಬಗೆಯ ಔಷಧ ಬೇಕು. ಕೊನೆಯ ಎರಡರ ಪೇಟೆಂಟ್ ಭಾರತದಲ್ಲಿ ಮುಗಿದಿರುವುದರಿಂದ ಬೆಲೆಯೂ ಇಳಿದಿದೆ. ಆದರೂ ಅಂತರ ದೊಡ್ಡದು. 2013ರಲ್ಲಿ ತಿರುವನಂತಪುರ ಜಿಲ್ಲೆಯ ಆಸ್ಪತ್ರೆಗಳಿಗೆ ದಾಖಲಾದ 1,205 ರೋಗಿಗಳನ್ನು ಗಮನಿಸಿದಾಗ, ಅವರ ಸರಾಸರಿ ವಯಸ್ಸು ಕೇವಲ 61 ಇತ್ತು. ವರ್ಷದೊಳಗೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ತೀರಿಕೊಂಡಿದ್ದರು. ಪಂಪಿಂಗ್ ಕುಗ್ಗಿದ್ದವರಲ್ಲಿ ಆಗಿನ ಶಿಫಾರಸಿನ ಔಷಧಗಳೆಲ್ಲ ಸಿಕ್ಕಿದ್ದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಇದನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಾತ್ರೆ ಶುರುವಾದಾಗ ತಲೆ ಸುತ್ತಬಹುದು, ಬಿಪಿ ಇಳಿಯಬಹುದು. ಅದಕ್ಕೇ ವೈದ್ಯರು ಸಣ್ಣ ಡೋಸಿನಿಂದ ಆರಂಭಿಸಿ ವಾರಗಳಲ್ಲಿ ಏರಿಸುತ್ತಾರೆ. ನಡುನಡುವೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ಪರೀಕ್ಷೆ ತಪ್ಪಿಸಬೇಡಿ. ಮಂಡಿನೋವಿಗೆಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್‌ನಂಥ ಮಾತ್ರೆ ಬೇಡವೇ ಬೇಡ, ಅದು ಮತ್ತೆ ನೀರು ತುಂಬಿಸುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ದೂರವಿಡಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡು–ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ, ಬಾವು ಕಾಣುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ. ಯಾವ ಮಾತ್ರೆಯನ್ನೂ ಅವರನ್ನು ಕೇಳದೆ ನಿಲ್ಲಿಸಬೇಡಿ.