ಪಂಪ್‌ಸೆಟ್ಟಿನ ಮೋಟಾರು ಮತ್ತೆ ಮತ್ತೆ ಸುಡುವುದೇಕೆ?

ಬೇಸಿಗೆಯ ಮುಸುಕಿನ ಜೋಳ ಸೂಲಂಗಿ ಬಿಡುವ ಕಾಲದಲ್ಲಿ ನೀರು ತಪ್ಪಿದರೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಅನಂತರ ಎಷ್ಟು ನೀರು ಕೊಟ್ಟರೂ ಆ ನಷ್ಟ ತುಂಬಿ ಬರುವುದಿಲ್ಲ. ಇಂತಹ ಸಮಯದಲ್ಲಿಯೇ ಮೋಟಾರು ಸುಟ್ಟರೆ ರೈತರಿಗೆ ವೈಂಡಿಂಗ್ ಖರ್ಚಿನ ಜೊತೆಗೆ ಬೆಳೆಯೂ ಕೈತಪ್ಪುತ್ತದೆ.

ಕ್ಷೇತ್ರ ಭೇಟಿಯ ಸಂದರ್ಭದಲ್ಲಿ ಕಂಡ ಒಂದು ಉದಾಹರಣೆಯನ್ನು ಇಲ್ಲಿ ಹೇಳಬಹುದು. ರೈತರೊಬ್ಬರು ತಮ್ಮ ತೆರೆದ ಬಾವಿಯ 5 ಅಶ್ವಶಕ್ತಿಯ ಮೋಟಾರಿಗೆ ಒಂದೇ ಬೇಸಿಗೆಯಲ್ಲಿ ಎರಡು ಬಾರಿ ವೈಂಡಿಂಗ್ ಮಾಡಿಸಿದ್ದರು. ಸ್ಟಾರ್ಟರಿನ ಮುಚ್ಚಳ ತೆಗೆಸಿ ನೋಡಿದಾಗ ಓವರ್‌ಲೋಡ್ ರಿಲೇಯನ್ನು ಬಿಟ್ಟು ನೇರವಾಗಿ ತಂತಿ ಜೋಡಿಸಿರುವುದು ಕಂಡಿತು. "ಅದು ಪದೇ ಪದೇ ಬೀಳ್ತಿತ್ತು ಸಾರ್, ನೀರು ಹಾಯಿಸೋಕೇ ಬಿಡ್ತಿರಲಿಲ್ಲ, ಅದಕ್ಕೇ ತೆಗೆಸಿಬಿಟ್ಟೆ" ಎಂದರು. ರಿಲೇ ಬೀಳುತ್ತಿದ್ದುದಕ್ಕೆ ನಿಜವಾದ ಕಾರಣ ಬೇರೆ ಇತ್ತು. ಮೂರು ಫ್ಯೂಸುಗಳ ಪೈಕಿ ಒಂದರ ಹಿಡಿ ಸಡಿಲವಾಗಿ, ಕಾದು ಕಪ್ಪಾಗಿತ್ತು. ಆ ಒಂದು ಫ್ಯೂಸಿನ ದೋಷವನ್ನು ರಿಲೇ ತಿಳಿಸುತ್ತಿತ್ತು. ತಿಳಿಸುವುದನ್ನೇ ತೆಗೆದುಹಾಕಿದ್ದರಿಂದ ಮೋಟಾರು ಸುಟ್ಟಿತು.

ಒಂದು ಫೇಸ್ ಹೋದರೆ ಆಗುವುದೇನು?

5 ಅಶ್ವಶಕ್ತಿಯ ಮೂರು ಫೇಸಿನ ಮೋಟಾರು ಪೂರ್ಣ ಹೊರೆಯಲ್ಲಿ ಪ್ರತಿ ಫೇಸಿನಲ್ಲೂ ಸುಮಾರು 7.5 ಆಂಪೇರ್ ವಿದ್ಯುತ್ತನ್ನು ಎಳೆಯುತ್ತದೆ. ತಿರುಗುತ್ತಿರುವಾಗ ಒಂದು ಫೇಸ್ ಕಡಿದುಹೋದರೂ ಮೋಟಾರು ಕೂಡಲೇ ನಿಲ್ಲುವುದಿಲ್ಲ. ಉಳಿದೆರಡು ಫೇಸುಗಳ ಮೇಲೆಯೇ ಎಲ್ಲ ಹೊರೆಯೂ ಬಿದ್ದು, ಅವುಗಳಲ್ಲಿ ಸುಮಾರು 13 ಆಂಪೇರ್ ಹರಿಯತೊಡಗುತ್ತದೆ. ನೀರು ಬರುತ್ತಲೇ ಇರುವುದರಿಂದ ರೈತರಿಗೆ ತಿಳಿಯುವುದೇ ಇಲ್ಲ. ಒಳಗೆ ಸುರುಳಿ ಕಾದು, ಅದರ ಮೇಲಿನ ವಾರ್ನಿಷ್ ಸುಡುತ್ತದೆ.

ಫ್ಯೂಸು ಇದನ್ನು ತಡೆಯಲಾರದೇ ಎಂದು ಕೇಳಬಹುದು. ಮೋಟಾರು ಹೊರಡುವಾಗ ಐದಾರು ಪಟ್ಟು ಹೆಚ್ಚು ವಿದ್ಯುತ್ತನ್ನು ಕ್ಷಣಕಾಲ ಎಳೆಯುತ್ತದೆ. ಅದನ್ನು ತಾಳುವಂತಹ ಫ್ಯೂಸನ್ನೇ ಹಾಕಬೇಕಾಗಿರುವುದರಿಂದ 13 ಆಂಪೇರಿಗೆ ಅದು ಹೋಗದೆ ಉಳಿಯಬಹುದು. ಶಾರ್ಟ್ ಆದಾಗ ಕಾಯುವುದು ಫ್ಯೂಸಿನ ಕೆಲಸ. ಹೆಚ್ಚಿನ ಹೊರೆಯಿಂದ ಕಾಯುವುದು ರಿಲೇಯ ಕೆಲಸ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಸುಟ್ಟ ಸುರುಳಿಯೇ ಸಾಕ್ಷಿ

ಮೋಟಾರನ್ನು ವೈಂಡಿಂಗ್ ಅಂಗಡಿಗೆ ಒಯ್ದಾಗ ಹಳೆಯ ತಂತಿಯನ್ನು ಕತ್ತರಿಸುವ ಮೊದಲು ರೈತರು ತಾವೇ ನೋಡಬೇಕು.

1. ಸುರುಳಿಗಳಲ್ಲಿ ಕೆಲವು ಗುಂಪುಗಳು ಮಾತ್ರ ಕಪ್ಪಾಗಿ, ನಡುನಡುವೆ ಉಳಿದವು ಹೊಸದರಂತೆ ಇದ್ದರೆ ಒಂದು ಫೇಸ್ ಹೋಗಿದೆ ಎಂದು ತಿಳಿಯಬೇಕು. ಡೆಲ್ಟಾ ಜೋಡಣೆಯಲ್ಲಿ ಒಂದು ಫೇಸಿನ ಸುರುಳಿಗಳು ಸುಡುತ್ತವೆ; ಸ್ಟಾರ್ ಜೋಡಣೆಯಲ್ಲಿ ಎರಡು ಫೇಸಿನವು ಸುಡುತ್ತವೆ.

2. ಎಲ್ಲ ಸುರುಳಿಗಳೂ ಒಂದೇ ಸಮನೆ ಕಪ್ಪಾಗಿದ್ದರೆ ಹೆಚ್ಚಿನ ಹೊರೆ, ಕಡಿಮೆ ವೋಲ್ಟೇಜ್ ಅಥವಾ ಪಂಪು ಬಿಗಿಯಾಗಿರುವುದು ಕಾರಣ.

3. ಒಂದೇ ಜಾಗದಲ್ಲಿ ಸುಟ್ಟು, ಉಳಿದೆಲ್ಲ ಚೆನ್ನಾಗಿದ್ದರೆ ತೇವ ಸೇರಿರಬಹುದು ಅಥವಾ ತಂತಿಯ ಹೊದಿಕೆ ಅಲ್ಲಿ ಕೆಟ್ಟಿರಬಹುದು.

ಕಾರಣ ತಿಳಿಯದೆ ವೈಂಡಿಂಗ್ ಮಾಡಿಸಿ ಮೋಟಾರನ್ನು ಮತ್ತೆ ಕೂರಿಸಿದರೆ ಅದೇ ದೋಷ ಅದನ್ನು ಮತ್ತೆ ಸುಡುತ್ತದೆ.

ಲಕ್ಷಣ ನೋಡಿ ಕಾರಣ ಹುಡುಕುವುದು

ಸ್ಟಾರ್ಟರ್ ಒತ್ತಿದರೂ ಸದ್ದಿಲ್ಲ: ಮೂರು ಫೇಸೂ ಬಂದಿವೆಯೇ, ಫ್ಯೂಸು ಸರಿಯಿದೆಯೇ, ರಿಲೇ ಬಿದ್ದಿದೆಯೇ ಎಂದು ಕ್ರಮವಾಗಿ ನೋಡಬೇಕು. ಇವೆಲ್ಲ ಸರಿಯಿದ್ದರೆ ಸ್ಟಾರ್ಟರಿನ ಕಾಯಿಲ್ ಪರೀಕ್ಷಿಸಬೇಕು.

ಗುಂಯ್ ಎಂದು ಸದ್ದು ಮಾಡಿ ತಿರುಗದಿದ್ದರೆ: ಕೂಡಲೇ ಆರಿಸಬೇಕು. ಒಂದು ಫೇಸ್ ಇಲ್ಲದಿರಬಹುದು ಅಥವಾ ಪಂಪು ಕಚ್ಚಿಕೊಂಡಿರಬಹುದು. ಮೇನ್ ಸ್ವಿಚ್ ತೆಗೆದ ಮೇಲೆ ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಸ್ಟಾರ್ಟರ್ ಟಕಟಕ ಎಂದು ಬಡಿಯುತ್ತಿದ್ದರೆ: ವೋಲ್ಟೇಜ್ ಕಡಿಮೆ ಇದೆ ಅಥವಾ ಒಳಗಿನ ಅಯಸ್ಕಾಂತದ ಮುಖಕ್ಕೆ ದೂಳು, ತುಕ್ಕು ಹಿಡಿದಿದೆ.

ಕೆಲವು ನಿಮಿಷ ಓಡಿ ರಿಲೇ ಬೀಳುತ್ತಿದ್ದರೆ: ಎಲೆಕ್ಟ್ರಿಷಿಯನ್ ಕರೆಸಿ ಮೂರೂ ಫೇಸಿನ ಆಂಪೇರ್ ಅಳೆಯಿಸಬೇಕು. ಮೂರೂ ಸಮನಾಗಿದ್ದು ಹೆಚ್ಚಾಗಿದ್ದರೆ ಬೇರಿಂಗ್, ಗ್ಲ್ಯಾಂಡ್ ಬಿಗಿ ಮತ್ತು ವೋಲ್ಟೇಜ್ ನೋಡಬೇಕು. ಒಂದಕ್ಕೊಂದು ತುಂಬಾ ವ್ಯತ್ಯಾಸವಿದ್ದರೆ ಫ್ಯೂಸು, ಸ್ಟಾರ್ಟರಿನ ಕಾಂಟ್ಯಾಕ್ಟ್, ತಂತಿಯ ಜೋಡಣೆ ಇವುಗಳಲ್ಲಿ ದೋಷ ಹುಡುಕಬೇಕು.

ಮೋಟಾರು ಓಡಿದರೂ ನೀರು ಕಡಿಮೆ: ಮೋಟಾರು ಹಿಮ್ಮುಖವಾಗಿ ತಿರುಗುತ್ತಿರಬಹುದು. ಯಾವುದಾದರೂ ಎರಡು ಫೇಸಿನ ತಂತಿಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಫುಟ್‌ವಾಲ್ವಿನಲ್ಲಿ ಕಸ ಸಿಕ್ಕಿದೆಯೇ ಎಂದೂ ನೋಡಬೇಕು.

ಮುನ್ನೆಚ್ಚರಿಕೆ

* ಮೋಟಾರಿನ ಫಲಕದಲ್ಲಿ ಬರೆದಿರುವ ಆಂಪೇರಿಗೇ ರಿಲೇಯನ್ನು ಹೊಂದಿಸಬೇಕು. ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಸಾಮಾನ್ಯವಾಗಿ ಅದರ ಶೇ. 58ಕ್ಕೆ ಹೊಂದಿಸಲಾಗುತ್ತದೆ. ಬೀಳುತ್ತದೆಂದು ಹೆಚ್ಚಿಸಬಾರದು.
* ಒಂದು ಫೇಸ್ ಹೋದರೆ ಮೋಟಾರನ್ನು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸುವುದು ಒಳ್ಳೆಯದು. ಅದರ ಬೆಲೆ ಒಂದು ಸಲದ ವೈಂಡಿಂಗ್ ಖರ್ಚಿಗಿಂತ ಕಡಿಮೆ.
* ರಾತ್ರಿ ವಿದ್ಯುತ್ ಬಂದೊಡನೆ ಓಡಲೆಂದು ಆಟೋ ಸ್ಟಾರ್ಟರ್ ಹಾಕಿದವರಿಗೆ ಈ ರಕ್ಷಣೆ ಇನ್ನೂ ಅಗತ್ಯ. ಮೋಟಾರು ಗುಂಯ್ ಎನ್ನುವಾಗ ಆರಿಸಲು ಅಲ್ಲಿ ಯಾರೂ ಇರುವುದಿಲ್ಲ.
* ಹಂಗಾಮಿನ ಆರಂಭದಲ್ಲಿ ಫ್ಯೂಸು, ಕಾಂಟ್ಯಾಕ್ಟುಗಳನ್ನು ಸ್ವಚ್ಛಗೊಳಿಸಿ, ತಿರುಪುಗಳನ್ನು ಬಿಗಿಗೊಳಿಸಬೇಕು. ಅರ್ಥಿಂಗ್ ಸರಿಯಾಗಿರಬೇಕು.
* ಫೇಸ್ ಹೋಗಿದೆಯೆಂದು ಯಾರೂ ಟಿ.ಸಿ. ಕಂಬ ಹತ್ತಬಾರದು. ಲೈನ್‌ಮನ್‌ಗೆ ತಿಳಿಸಿ ಕಾಯಬೇಕು. ಬೆಳೆ ಹೋದರೆ ಮುಂದಿನ ಹಂಗಾಮಿನಲ್ಲಿ ಮತ್ತೆ ಬಿತ್ತಬಹುದು, ಹೋದ ಪ್ರಾಣ ಮರಳಿ ಬರುವುದಿಲ್ಲ.

ಮೇಲೆ ಹೇಳಿದ ರೈತರು ಹೊಸ ಫ್ಯೂಸು ಹಿಡಿ ಹಾಕಿಸಿ, ರಿಲೇಯನ್ನು ಮತ್ತೆ ಜೋಡಿಸಿದರು. ಆ ಬೇಸಿಗೆಯ ಉಳಿದ ನೀರನ್ನೆಲ್ಲ ಅದೇ ಮೋಟಾರು ಎತ್ತಿತು. ರಿಲೇ ಬಿದ್ದಾಗ ಅದನ್ನು ಬೈಯುವ ಬದಲು ಏಕೆ ಬಿದ್ದಿತೆಂದು ಹುಡುಕಿದರೆ ಮೋಟಾರೂ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ.